ಬದುಕಿದ್ದವನ ಗದ್ದುಗೆ

“ನಿಮ್ಮ ಯಜಮಾನರು ತೀರಿಕೊಂಡದ್ದು ಯಾವ ವರ್ಷ?” ಎಂದು ಕೇಳಿದೆ. ಯುದ್ಧಕಾಲದಲ್ಲಿ ಸೇವೆ ಸಲ್ಲಿಸಿದವರ ಕತೆ ದಾಖಲಿಸಲು ಹೋದ ಮನೆಗಳಲ್ಲಿ ನಾನು ಆರಂಭದಲ್ಲೇ ಕೇಳುವ ಪ್ರಶ್ನೆ ಇದು. ಸಾಮಾನ್ಯವಾಗಿ ಒಂದು ಇಸವಿ ಸಿಗುತ್ತದೆ, ಅದರ ಹಿಂದೆಯೇ ಒಂದು ನಿಟ್ಟುಸಿರು.

ಸರ್ವಮಂಗಳಮ್ಮ ನಿಟ್ಟುಸಿರು ಬಿಡಲಿಲ್ಲ. “ಯಾವ ಸಲದ್ದು?” ಎಂದರು. “ಊರೋರು ಸಾಯಿಸಿದ್ದೋ, ಆತ ಸತ್ತಿದ್ದೋ?”

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮಗಳು ಸಂಧ್ಯಾರಾಣಿ ತಲೆ ಎತ್ತದೆ, “ಶುರು ಆತು ನೋಡ್ರಿ. ಇನ್ನು ನೀವು ಮಧ್ಯಾಹ್ನದ ಊಟ ಇಲ್ಲೇ ಮಾಡ್ಬೇಕಾಗ್ತೈತೆ” ಎಂದರು.

ಸರ್ವಮಂಗಳಮ್ಮನವರಿಗೆ ಈಗ ಎಪ್ಪತ್ತನಾಲ್ಕು. ನ್ಯಾಮತಿಯ ಸಂತೆ ಬೀದಿಯ ಹಿಂಭಾಗದಲ್ಲಿ ಮಗಳು, ಅಳಿಯ ಮತ್ತು ಮೊಮ್ಮಕ್ಕಳೊಂದಿಗೆ ಇದ್ದಾರೆ. ಮಗಳು ಹೊನ್ನಾಳಿಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಗಂಡ ಮಹೇಶ್ವರಪ್ಪ ಸೇನೆಯಲ್ಲಿ ಲಾರಿ ಚಾಲಕರಾಗಿದ್ದು 1971ರ ಯುದ್ಧದಲ್ಲಿ ಗಾಯಗೊಂಡವರು. ನಾನು ಹೋದದ್ದು ಮಹೇಶ್ವರಪ್ಪನವರ ಬಗ್ಗೆ ತಿಳಿಯಲು. ಕೊನೆಗೆ ಬರೆಯುತ್ತಿರುವುದು ಅವರ ಹೆಂಡತಿಯ ಬಗ್ಗೆ. ಈ ವಿಷಯಾಂತರಕ್ಕೆ ಕಾರಣ ಮುಂದೆ ತಿಳಿಯುತ್ತದೆ.

ಅವರ ತವರು ಜಗಳೂರು ತಾಲೂಕು. 1970ರಲ್ಲಿ ಮದುವೆಯಾಗಿ ಬಾವಿಕಟ್ಟೆಗೆ ಬಂದರು. ಬಾವಿಕಟ್ಟೆ ಈಗ ನ್ಯಾಮತಿ ತಾಲೂಕು, ಆಗ ಹೊನ್ನಾಳಿ ತಾಲೂಕು. ಅತ್ತೆ, ಮಾವ ಇಬ್ಬರೂ ಇಲ್ಲದ ಮನೆ. ಯಜಮಾನಿಕೆ ಗಂಡನ ಅಣ್ಣ ಹಾಲೇಶಪ್ಪನದು. ತಮ್ಮನಿಗೂ ಆತನಿಗೂ ಹದಿನೈದು ವರ್ಷಗಳ ಅಂತರವಿದ್ದುದರಿಂದ ಆತ ಮಹೇಶ್ವರಪ್ಪನಿಗೆ ಅಣ್ಣನೂ ಹೌದು, ಬಹುಮಟ್ಟಿಗೆ ಅಪ್ಪನೂ ಹೌದು. ಆತನ ಹಿರಿಮಗಳು ಪುಷ್ಪಾವತಿಗೂ ಹೊಸ ಸೊಸೆಗೂ ವಯಸ್ಸಿನಲ್ಲಿ ಮೂರು ವರ್ಷಗಳ ವ್ಯತ್ಯಾಸ. ಗಂಡ ರಜೆ ಮುಗಿಸಿ ಹೊರಟ ಮೇಲೆ ಚಿಕ್ಕಮ್ಮನೂ ಮಗಳೂ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದರು, ಒಂದೇ ಬೀಸುಕಲ್ಲಿನ ಗೂಟವನ್ನು ಎದುರುಬದುರು ಕೂತು ಹಿಡಿಯುತ್ತಿದ್ದರು. “ಹೊಸ ಸೀರೆ ಉಟ್ರೆ ಮೊದ್ಲು ಅವಳೇ ಸೆರಗು ಎಳೆದು ನೆರಿಗೆ ಹಿಡಿಯೋಳು” ಎಂದು ಸರ್ವಮಂಗಳಮ್ಮ ಹೇಳಿದರು. ಇಡೀ ಸಂದರ್ಶನದಲ್ಲಿ ಅವರು ಸಿಟ್ಟಿಲ್ಲದೆ ಆಡಿದ ಮಾತುಗಳು ಬಹಳ ಕಡಿಮೆ. ಇದು ಅವುಗಳಲ್ಲಿ ಒಂದು.

1971ರ ಡಿಸೆಂಬರಿನಲ್ಲಿ ಯುದ್ಧ ಶುರುವಾಯಿತು. ಮಹೇಶ್ವರಪ್ಪ ಪಶ್ಚಿಮ ಗಡಿಯಲ್ಲಿ ಮದ್ದುಗುಂಡಿನ ಲಾರಿ ಓಡಿಸುತ್ತಿದ್ದರು. ಬಾವಿಕಟ್ಟೆಯಲ್ಲಿ ಇದ್ದದ್ದು ಒಂದೇ ರೇಡಿಯೊ, ಅದೂ ಪಂಚಾಯಿತಿ ಕಟ್ಟೆಯ ಮೇಲೆ. ಅಲ್ಲಿಗೆ ಹೆಂಗಸರು ಹೋಗುವಂತಿರಲಿಲ್ಲ. ಯುದ್ಧ ಮುಗಿಯಿತೆಂಬ ಸುದ್ದಿಯೂ ಇವರಿಗೆ ತಲುಪಿದ್ದು ಭಾವನ ಬಾಯಿಂದ. ಸಂಕ್ರಾಂತಿಗೆ ಕೆಲವು ದಿನಗಳಿದ್ದಾಗ ಮನೆಗೆ ಒಂದು ಕರಡಿಗೆ ಬಂತು.

ಕರಡಿಗೆ ಎಂದರೆ ಇಷ್ಟಲಿಂಗವನ್ನಿಟ್ಟು ಶಿವದಾರದಿಂದ ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಪುಟ್ಟ ಭರಣಿ. ಇವರ ಮನೆತನದಲ್ಲಿ ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಅದು ಮೈ ಸೇರುತ್ತದೆ. ಆಮೇಲೆ ಸ್ನಾನದಲ್ಲಿ, ನಿದ್ರೆಯಲ್ಲಿ, ಕಾಯಿಲೆಯಲ್ಲಿ ಮೈಮೇಲೆಯೇ ಇರುತ್ತದೆ. ಸತ್ತಾಗ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ದೇಹವನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಬದುಕಿರುವವನ ಮೈಯಿಂದ ಲಿಂಗ ದೂರವಾಗುವ ಸಂದರ್ಭವನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ.

ತಂದುಕೊಟ್ಟವನು ಹರಿಹರದ ಕಡೆಯ ಒಬ್ಬ ಸಿಪಾಯಿ, ರಜೆಯ ಮೇಲೆ ಊರಿಗೆ ಬಂದವನು. ಹೊರಸಿನ ಮೇಲೆ ಕೂರದೆ, ನಿಂತಲ್ಲೇ ನೀರು ಕುಡಿದು ಹೊರಟುಹೋದ. ಅವನ ಮಾತನ್ನು ಮೂವರು ನನಗೆ ಬೇರೆಬೇರೆಯಾಗಿ ಹೇಳಿದ್ದಾರೆ, ಮೂರೂ ಹೊಂದುತ್ತವೆ. ಲಾರಿಗೆ ಬೆಂಕಿ ಹತ್ತಿತು, ಮಹೇಶ್ವರಪ್ಪನಿಗೆ ಬಹಳ ಗಾಯವಾಗಿದೆ, ಆಸ್ಪತ್ರೆಗೆ ಸಾಗಿಸಿದರು, ತಾನು ನೋಡಿದಾಗ ಉಸಿರಿತ್ತು, ಇದು ಕಳೆದುಹೋಗಬಾರದೆಂದು ಎತ್ತಿಟ್ಟುಕೊಂಡೆ.

ಉಸಿರಿತ್ತು ಎಂಬ ಮಾತು ಮನೆಯಲ್ಲಿ ಎಲ್ಲರ ಕಿವಿಗೂ ಬಿತ್ತು.

“ಉಸಿರಿದ್ದೋನ ಕೊರಳಿಂದ ಲಿಂಗ ಯಾರು ಬಿಚ್ತಾರೆ?” ಎಂದು ಹಾಲೇಶಪ್ಪ ಕೇಳಿದ. ಕೇಳಿ, ಕರಡಿಗೆಯನ್ನು ಎದೆಗೊತ್ತಿಕೊಂಡು ಗೋಳೋ ಎಂದು ಅತ್ತ. ಆ ಅಳು ಸುಳ್ಳಲ್ಲ ಎಂದು ಸರ್ವಮಂಗಳಮ್ಮನೂ ಒಪ್ಪುತ್ತಾರೆ.

ಇಪ್ಪತ್ತು ವರ್ಷದ ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೊದಲ ಬಾರಿಗೆ ಭಾವನಿಗೆ ಎದುರಾಡಿದಳು. “ಡಾಕ್ಟ್ರು ಬಿಚ್ಚಿರ್ತಾರೆ. ಮೈ ಸುಟ್ಟೋನಿಗೆ ಔಷಧ ಹಚ್ಚಾಕೆ ಬಿಚ್ಚಿರ್ತಾರೆ. ಅವ್ರಿಗೇನು ಗೊತ್ತು ಲಿಂಗ ಅಂದ್ರೆ? ಸತ್ತಿದ್ರೆ ಸರ್ಕಾರದೋರು ತಂತಿ ಕೊಡ್ತಿದ್ರು. ತಂತಿ ಎಲ್ಲಿ?”

ಊರಿನಲ್ಲಿದ್ದ ಎಲ್ಲ ಗಂಡಸರ ತಲೆಗಿಂತ ಆ ದಿನ ಆ ಹುಡುಗಿಯ ತಲೆ ನೆಟ್ಟಗಿತ್ತು. ಸೈನಿಕ ಸತ್ತರೆ ತಂತಿ ಬರುತ್ತದೆ, ಗಾಯಗೊಂಡವನ ಮೈಯಿಂದ ವೈದ್ಯರು ಎಲ್ಲವನ್ನೂ ಕಳಚುತ್ತಾರೆ. ಇವೆರಡನ್ನೂ ಆಕೆ ಯಾರಿಂದಲೂ ಕಲಿತಿರಲಿಲ್ಲ, ಯೋಚಿಸಿ ಹೇಳಿದ್ದಳು. ಕಾಯೋಣ ಎಂದದ್ದು ಆಕೆಯೊಬ್ಬಳೇ.

ಕಾಯಲು ಹಾಲೇಶಪ್ಪನಿಗೆ ಬಿಡುವಿರಲಿಲ್ಲ. ಪುಷ್ಪಾವತಿಯ ಮದುವೆ ಕೆರೆಬಿಳಚಿಯ ಗಂಡಿನೊಂದಿಗೆ ಮಾಘಮಾಸಕ್ಕೆ ನಿಶ್ಚಯವಾಗಿತ್ತು. ಮನೆಯಲ್ಲಿ ಸಾವು ಆಗಿ ಮುಗಿದಿದ್ದರೆ ಕಾರ್ಯ ಮುಗಿಸಿ ಮದುವೆ ಮಾಡಬಹುದು. ಸಾವು ಆಗದಿದ್ದರಂತೂ ಅಡ್ಡಿಯೇ ಇಲ್ಲ. ಆಗಿದೆಯೋ ಇಲ್ಲವೋ ತಿಳಿಯದ ಸಾವನ್ನು ಇಟ್ಟುಕೊಂಡು ಚಪ್ಪರ ಹಾಕುವಂತಿಲ್ಲ. ಚಪ್ಪರದ ಕೆಳಗಿರುವಾಗ ತಂತಿ ಬಂದರೆ? ಗಂಡಿನ ಕಡೆಯವರು ಹಾಗೆಂದು ಹೇಳಿ ಕಳಿಸಿದರು. ಇದು ನನ್ನ ಊಹೆಯಲ್ಲ, ಆ ಮಾತನ್ನು ತಂದ ಮನೆಯವರೇ ಹೇಳಿದ್ದು. ಮಠದ ಅಯ್ಯನವರು ಕರಡಿಗೆಯನ್ನು ನೋಡಿ, ಲಿಂಗ ಮನೆಗೆ ಬಂತೆಂದರೆ ಅಂಗ ಉಳಿದಿಲ್ಲವೆಂದೇ ಅರ್ಥ ಎಂದರು. ಸಂಕ್ರಾಂತಿ ಕಳೆದ ಮೇಲೆ, ಹೊಲದ ಪೂರ್ವದ ಮೂಲೆಯಲ್ಲಿ ಗುಂಡಿ ತೋಡಿದರು.

ಇದನ್ನು ದುಡುಕು ಎನ್ನುವವರಿದ್ದಾರೆ. ದುಡುಕುವವರು ಮುಹೂರ್ತ ನೋಡಿಕೊಂಡು ಗುಂಡಿ ತೋಡುವುದಿಲ್ಲ.

ಗುಂಡಿಯಲ್ಲಿ ಕೂರಿಸಲು ದೇಹ ಇರಲಿಲ್ಲ. ಮಹೇಶ್ವರಪ್ಪನ ಮದುವೆಯ ಅಂಗಿ ಮತ್ತು ಪಂಚೆಗೆ ಜೋಳದ ಸೊಪ್ಪೆ ತುರುಕಿ, ಕಾಲು ಮಡಿಸಿ ಕೂತ ಆಕಾರ ಮಾಡಿದರು. ಹಣೆಯ ಜಾಗಕ್ಕೆ ವಿಭೂತಿ, ಎಡ ತೋಳಿನ ತುದಿಗೆ ಕರಡಿಗೆ. ಅಯ್ಯನವರು ಶಾಸ್ತ್ರದಂತೆ ತಲೆಯ ಜಾಗದ ಮೇಲೆ ಪಾದ ಇಟ್ಟರು. ಪತ್ರೆ ಹಾಕಿದರು, ಮಣ್ಣು ಎಳೆದು ಗದ್ದುಗೆಯ ದಿಬ್ಬ ಮಾಡಿದರು. ಆಮೇಲೆ ಊರಿನ ಹಿರಿಯ ಹೆಂಗಸು ಅಂತರಘಟ್ಟಮ್ಮ ಮತ್ತು ಇನ್ನಿಬ್ಬರು ಸೊಸೆಯ ಕೈಗಳನ್ನು ಹಿಡಿದುಕೊಂಡು ಅಲ್ಲೇ, ಬದುವಿನ ಕಲ್ಲಿಗೆ ಬಳೆ ಒಡೆದರು.

“ಹಿಡಿಸ್ಕೊಂಡಿದ್ದೆ ಅಂತ ತಿಳ್ಕಬ್ಯಾಡ್ರಿ. ಒದ್ದೆ, ಕಚ್ಚಿದೆ” ಎಂದು ಸರ್ವಮಂಗಳಮ್ಮ ಹೇಳಿದರು. “ಅಂತರಘಟ್ಟಮ್ಮನ ಕೈ ಮ್ಯಾಲೆ ನನ್ನ ಹಲ್ಲಿನ ಗುರುತು ಅವಳು ಸಾಯೋ ತನಕ ಇತ್ತು. ದುಃಖಕ್ಕೆ ಹುಚ್ಚು ಹಿಡೀತು ಅಂದ್ರು. ದುಃಖ ಎಲ್ಲಿ ಬಂತ್ರಿ? ಸಿಟ್ಟು!”

ಮರುದಿನ ಅವರನ್ನು ತವರಿಗೆ ಕಳಿಸಿದರು. ಮದುವೆ ಮನೆಯಲ್ಲಿ ಬರಿಗೈಯವಳು ಓಡಾಡಬಾರದಲ್ಲ! ಮಾಘದಲ್ಲಿ ಪುಷ್ಪಾವತಿಯ ಮದುವೆ ಸಾಂಗವಾಗಿ ನಡೆಯಿತು. ಯುಗಾದಿ ಕಳೆದ ಮೇಲೆ ಮಹೇಶ್ವರಪ್ಪ ಹೊನ್ನಾಳಿಯಲ್ಲಿ ಬಸ್ಸಿಳಿದರು. ಎರಡೂ ಕೈಗಳ ಮೇಲೆ ಸುಟ್ಟ ಕಲೆಗಳಿದ್ದವು, ಎಡಗೈಯ ಎರಡು ಬೆರಳು ಮುದುಡಿದ್ದವು, ಒಂದು ಕಿವಿ ಕೇಳುತ್ತಿರಲಿಲ್ಲ, ಉಳಿದಂತೆ ಗಟ್ಟಿಯಾಗಿದ್ದರು.

ಬಾವಿಕಟ್ಟೆ ಡೊಳ್ಳು ಬಾರಿಸಿ ಅವರನ್ನು ಊರೊಳಗೆ ಕರೆದೊಯ್ಯಿತು. ಅಯ್ಯನವರು ಹೊಸ ಲಿಂಗ ಕಟ್ಟಿದರು. ಹಳೆಯದು ಗುಂಡಿಯಲ್ಲೇ ಉಳಿಯಿತು. ಅದನ್ನು ತೆಗೆಸಿದರೆ ತೋಡಿದ್ದು ತಪ್ಪೆಂದು ಒಪ್ಪಿದಂತಾಗುತ್ತಿತ್ತು. ಸಂಜೆಯ ಹೊತ್ತಿಗೆ ತಪ್ಪಿಗೆ ಪವಾಡದ ಬಟ್ಟೆ ತೊಡಿಸಿಯಾಗಿತ್ತು: ಶಿವನು ಕೊಂಡೊಯ್ದವನನ್ನು ಶಿವನೇ ಮರಳಿಸಿದ.

ಮಹೇಶ್ವರಪ್ಪ ಹೆಂಡತಿಯನ್ನು ಕರೆತರಲು ಜಗಳೂರಿನ ಕಡೆಗೆ ಹೋದದ್ದು ಮರುದಿನ. ಬಾಗಿಲು ತೆಗೆದವಳ ಬರಿಗೈ, ಬರಿಹಣೆ ನೋಡಿ ಅವರು ಆಡಿದ ಮೊದಲ ಮಾತನ್ನು ಆಕೆ ನನಗೆ ಎರಡು ಭೇಟಿಗಳಲ್ಲಿ ಒಂದೇ ರೀತಿ ಹೇಳಿದರು: “ಹೋಗ್ಲಿ ಬಿಡು. ಅಣ್ಣ ಪಾಪ ಭಾಳ ಅತ್ನಂತೆ.”

“ಅಳ್ಲಿ ಬಿಡ್ರಿ!” ಎಂದರು ಸರ್ವಮಂಗಳಮ್ಮ. “ಕೈ ಸುಟ್ಟಿತ್ತು, ಬರೆಯಾಕೆ ಬರ್ತಿರ್ಲಿಲ್ಲ, ಒಪ್ಪಿದೆ. ಬರೆಸಾಕೆ ನಾಲಿಗೆ ಸುಟ್ಟಿತ್ತಾ? ಅಷ್ಟು ದೊಡ್ಡ ಆಸ್ಪತ್ರೆಯಾಗೆ ಒಂದು ಕಾರ್ಡ್ ಬರೆಯೋ ಮನುಷ್ಯ ಸಿಗ್ಲಿಲ್ಲಾ ಆತನಿಗೆ? ಕೇಳಿದ್ರೆ, ‘ನೀನು ಹೆದರ್ತಿ ಅಂತ ಬರೆಸಲಿಲ್ಲ’ ಅಂದ. ಹೆದರಿಕೆ!”

ಸತ್ತ ಗಂಡನ ಮೇಲೂ ಆಕೆಗೆ ಇರುವ ಈ ಕೋಪವನ್ನು ಮೆದು ಮಾಡಿ ಬರೆಯಲು ನನಗೆ ಅಧಿಕಾರವಿಲ್ಲ.

ಜಗಳೂರಿನ ಪೇಟೆಯಲ್ಲಿ ಅವರು ತಾವೇ ಬಳೆ ತೊಟ್ಟುಕೊಂಡು, ತಾವೇ ಕುಂಕುಮ ಇಟ್ಟುಕೊಂಡು ಬಾವಿಕಟ್ಟೆಗೆ ಮರಳಿದರು. ಆಗ ಗೊತ್ತಾಯಿತು, ಗಂಡನನ್ನು ಬದುಕಿಸಿಕೊಳ್ಳಲು ಊರಿಗೆ ಶಾಸ್ತ್ರವಿತ್ತು, ಹೆಂಡತಿಯನ್ನು ಮತ್ತೆ ಮುತ್ತೈದೆ ಮಾಡಲು ಇರಲಿಲ್ಲ. ಅಯ್ಯನವರು ಹಾಗೆಂದೇ ಹೇಳಿದರಂತೆ. ಅಂದಿನಿಂದ ಯಾವ ಮದುವೆಯ ಅರಿಶಿಣಕ್ಕೂ ಅವರನ್ನು ಕರೆಯಲಿಲ್ಲ, ಯಾವ ಬಸುರಿಗೂ ಅವರ ಕೈಯಿಂದ ಉಡಿ ತುಂಬಿಸಲಿಲ್ಲ. ಒಂದು ಸಲ ಒಡೆದ ಕೈ ಎಂಬ ಮಾತು ಹಿಂದಿನಿಂದ ಕೇಳುತ್ತಿತ್ತು. ಗಂಡ ಸ್ವಾತಂತ್ರ್ಯ ದಿನಾಚರಣೆಯಲ್ಲಿ ಹೂಮಾಲೆ ಹಾಕಿಸಿಕೊಂಡು ಮುಂದಿನ ಕುರ್ಚಿಯಲ್ಲಿ ಕೂರುತ್ತಿದ್ದ. ಹೆಂಡತಿ ಅದೇ ಊರಿನಲ್ಲಿ ವಿಧವೆಯಂತೆ ಹಿಂದಿನ ಸಾಲಿನಲ್ಲಿದ್ದಳು. ಸೇನೆ ಬಿಟ್ಟು ಬಂದು ಚನ್ನಗಿರಿಯ ಅಡಿಕೆ ಮಂಡಿಯೊಂದರ ಲಾರಿ ಓಡಿಸುತ್ತಿದ್ದಾಗ ಮಹೇಶ್ವರಪ್ಪ ಹೋಟೆಲ್ಲುಗಳಲ್ಲಿ ಒಂದು ತಮಾಷೆ ಮಾಡುತ್ತಿದ್ದರು: “ನನ್ನ ಗದ್ದುಗೆಗೆ ನಾನೇ ಕೈ ಮುಗಿದು ಬಂದೋನು ಕಣ್ರಯ್ಯಾ, ಟೀಗೆ ಸಕ್ಕರೆ ಜಾಸ್ತಿ ಹಾಕ್ರಿ.” ಎಲ್ಲರೂ ನಗುತ್ತಿದ್ದರು. ಆ ನಗೆಯ ಬೆಲೆಯನ್ನು ತೆತ್ತವರು ಮನೆಯಲ್ಲಿದ್ದರು.

ಸಂಧ್ಯಾರಾಣಿಯವರ ಮದುವೆಯಲ್ಲಿ, ಮಗಳಿಗೆ ಮೊದಲ ಅರಿಶಿಣ ಹಚ್ಚಲು ಹೆಂಗಸರು ಹೆತ್ತ ತಾಯಿಯನ್ನು ದಾಟಿ ಹಾಲೇಶಪ್ಪನ ಹೆಂಡತಿಯ ಕಡೆಗೆ ಬಟ್ಟಲು ಒಯ್ದರು. ಸರ್ವಮಂಗಳಮ್ಮ ಎದ್ದು ಬಟ್ಟಲನ್ನು ಕಿತ್ತುಕೊಂಡು ತಾವೇ ಹಚ್ಚಿದರು. ಇಬ್ಬರು ಹೆಂಗಸರು ಉಣ್ಣದೆ ಹೋದರು. “ಉಳೀತು, ಹೋಳಿಗೆ” ಎಂದಿದ್ದರಂತೆ ಇವರು. ಆ ವರ್ಷವೇ ಗಂಡನನ್ನು ಹೊರಡಿಸಿಕೊಂಡು ನ್ಯಾಮತಿಗೆ ಬಂದರು.

ಮಹೇಶ್ವರಪ್ಪ ನಿಜವಾಗಿ ತೀರಿಕೊಂಡದ್ದು 2021ರಲ್ಲಿ. ಬಾವಿಕಟ್ಟೆಯಿಂದ ಬಂದ ಹೆಂಗಸರು ಪದ್ಧತಿಯಂತೆ ಬಳೆ ತೆಗೆಯಲು ಹತ್ತಿರ ಹೋದಾಗ ಸರ್ವಮಂಗಳಮ್ಮ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡರು. “ಒಬ್ಬ ಗಂಡನಿಗೆ ಒಂದು ಸಲ. ಇವನದ್ದು ಆಗಲೇ ಮುಗಿಸೀರಿ. ಬಾಕಿ ಏನೂ ಇಲ್ಲ, ಹೋಗ್ರಿ.”

ಅವರ ಕೈಯಲ್ಲಿ ಈಗಲೂ ಹಸಿರು ಬಳೆಗಳಿವೆ.

ಇಷ್ಟನ್ನು ನಾನು ದಾಖಲಿಸಿಕೊಳ್ಳುವ ಹೊತ್ತಿಗೆ, ಕಳೆದ ವರ್ಷದ ಕೊನೆಯಲ್ಲಿ, ಹಾಲೇಶಪ್ಪನ ಮಗ ಪರಮೇಶ್ ನ್ಯಾಮತಿಗೆ ಬಂದರು. ಬಾವಿಕಟ್ಟೆಯಲ್ಲಿ ಯೋಧರ ಸ್ಮಾರಕಕ್ಕೆ ಸಮಿತಿ ಆಗಿದೆ, ಅವರು ಅಧ್ಯಕ್ಷರು. ಬೈಕಿನಿಂದ ಇಳಿದವರು ಮೊಬೈಲಿನಲ್ಲಿ ಚಿತ್ರ ತೋರಿಸಿದರು. ಹೊಲದ ಆ ಮೂಲೆಯ ಗುಂಡಿಯ ಮೇಲೆ ಗ್ರಾನೈಟಿನ ಗದ್ದುಗೆ, ಮೇಲೆ ಮಂಟಪ, ಮುಂದೆ ಸಮವಸ್ತ್ರದ ಪ್ರತಿಮೆ.

“ಚಿಕ್ಕವ್ವ, ಕಲ್ಲಿನ ಮ್ಯಾಲೆ ನಿಮ್ಮ ಹೆಸರೂ ಬರ್ತೈತೆ ನೋಡ್ರಿ. ‘ಪತ್ನಿಯ ತಪಸ್ಸಿನಿಂದ ಮೃತ್ಯುವನ್ನು ಗೆದ್ದು ಬಂದ ವೀರಯೋಧ.’ ಮೇಷ್ಟ್ರು ಬರೆದುಕೊಟ್ಟಾರೆ.”

“ಯಾವ ತಪಸ್ಸು?”

“ನೀವು ತವರುಮನೆಯಾಗೆ ಉಪವಾಸ ಇದ್ರಂತಲ್ಲ.”

“ಉಪವಾಸ ಯಾಕಿರ್ಲಿ? ರೊಟ್ಟಿ, ಹುರುಳಿಸಾರು ಹೊಟ್ಟೆ ತುಂಬ ಉಂಡು ನಿಮ್ಮಪ್ಪಂಗೆ ಬೈತಿದ್ದೆ.”

ಪರಮೇಶ್ ನಕ್ಕರು. ಅವರು ಕೆಟ್ಟವರಲ್ಲ. ಚಿಕ್ಕಪ್ಪನನ್ನು ನಿಜವಾಗಿ ಪ್ರೀತಿಸುತ್ತಿದ್ದರು, ಆತ ಮರಳಿ ಬಂದ ದಿನ ಊರೆಲ್ಲ ಹಂಚಿದ ಸಕ್ಕರೆ ಮಾತ್ರ ಅವರಿಗೆ ನೆನಪಿದೆ. “ಆಗಿದ್ದು ಆತಲ್ಲ ಚಿಕ್ಕವ್ವ. ನಾಲ್ಕು ಜನ ಬಂದು ಕೈ ಮುಗೀತಾರೆ. ಊರಿಗೂ ಒಂದು ಹೆಸರು.”

“ಪರಮೇಶಾ, ಆತನ ಹೆಸರು ಶಾಲೆ ಮುಂದೆ ಹಾಕ್ರಿ, ಬಸ್‌ಸ್ಟ್ಯಾಂಡಿನಾಗೆ ಹಾಕ್ರಿ, ಲಾರಿ ಹೊಡೆದ, ಗಾಯ ಆತು ಅಂತ ಹಾಕ್ರಿ. ನಾನೇ ಬಂದು ಹೂವು ಇಡ್ತೀನಿ. ಆ ಗುಂಡಿ ಮ್ಯಾಲೆ ಬ್ಯಾಡ. ಅದು ಸಮ ಆಗ್ಬೇಕು. ನಾನು ಸಾಯಾಕೆ ಮೊದ್ಲು ಅದರ ಮ್ಯಾಲೆ ನೇಗಿಲು ಹಾಯ್ಬೇಕು.”

“ಅಡಿಪಾಯ ಹಾಕ್ಯಾಗೈತೆ.”

“ತೆಗೆಸು.”

“ಊರಿನೋರು ಏನಂತಾರೆ?”

“ಏನರ ಅನ್ಲಿ. ಇಷ್ಟು ವರ್ಷ ಅಂದಿದ್ದು ಸಾಲಲ್ವಾ?”

ಪರಮೇಶ್ ಹೋದ ಮೇಲೆ ಸಂಧ್ಯಾರಾಣಿ, “ಹೋಗ್ಲಿ ಬಿಡವ್ವ” ಎಂದರು. ಅಪ್ಪನ ಮಾತೇ ಬಾಯಿಗೆ ಬಂದದ್ದು ಅವರಿಗೆ ಅರಿವಾಗುವ ಮೊದಲೇ ತಾಯಿ ಎದ್ದು ಒಳಗೆ ಹೋಗಿದ್ದರು. ಆ ದಿನದ ಸಂದರ್ಶನ ಅಲ್ಲಿಗೆ ನಿಂತಿತು.

ಹೊಲದ ಆ ಭಾಗ ಪಾಲಿನಲ್ಲಿ ಹಾಲೇಶಪ್ಪನಿಗೆ ಹೋಗಿತ್ತು. ಆತನ ನಂತರ ಅದು ಪರಮೇಶ್ ಮತ್ತು ಪುಷ್ಪಾವತಿ ಇಬ್ಬರ ಹೆಸರಿನಲ್ಲಿದೆ. ಸಮಿತಿಗೆ ಜಾಗ ಬಿಟ್ಟುಕೊಡಲು ಅಕ್ಕನೂ ಒಪ್ಪಬೇಕು. ಒಪ್ಪುತ್ತಾಳೆಂದು ತಮ್ಮನಿಗೆ ಸಂದೇಹವೇ ಇರಲಿಲ್ಲ. ಸರ್ವಮಂಗಳಮ್ಮನಿಗೆ ಉಳಿದಿದ್ದ ದಾರಿ ಒಂದೇ: ಅರ್ಧ ಶತಮಾನ ಮಾತಾಡಿಸದ ಪುಷ್ಪಾವತಿಯ ಮನೆಗೆ ಹೋಗುವುದು.

ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ಬಸವಾಪಟ್ಟಣದಲ್ಲಿ ಇಳಿದು, ಆಟೋ ಹಿಡಿದು ಅವರೂ ನಾನೂ ಕೆರೆಬಿಳಚಿಗೆ ಹೋದೆವು. ಪುಷ್ಪಾವತಿಯವರ ಹೇಳಿಕೆ ನನಗೂ ಬೇಕಿತ್ತು, ಇಬ್ಬರ ಅನುಮತಿಯೂ ಇತ್ತು. ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿತ್ತು. ಅದನ್ನು ಕೈಯಾಡಿಸುತ್ತಿದ್ದ ಎತ್ತರದ ಹೆಂಗಸು ನೆಟ್ಟಗಾಗಿ, ಬಂದವರನ್ನು ಬಹಳ ಹೊತ್ತು ನೋಡಿದರು.

“ಬಂದ್ಯಾ ಚಿಕ್ಕವ್ವ. ದಾರಿ ಗೊತ್ತಾತಾ?”

“ನೀನು ಯಾವತ್ತರ ತೋರಿಸಿದ್ರೆ ತಾನೆ ಗೊತ್ತಾಗಾಕೆ.”

ಜಗಲಿಯ ಮೇಲೆ ಕೂರುವ ಮೊದಲೇ ಶುರುವಾಯಿತು.

“ನಾನು ತೋರಿಸ್ಬೇಕಿತ್ತಾ? ನನ್ನ ಮದುವೆಗೆ ಶಾಪ ಹಾಕಿ ಹೋದೋಳು ನೀನು. ಗುಂಡಿ ಹತ್ರ ನಿಂತು, ‘ಈ ಮದುವೆ ಉದ್ಧಾರ ಆಗಲ್ಲ’ ಅಂದೆ. ಅರಿಶಿಣ ಹಚ್ಚೋ ಮೊದ್ಲೇ ಅಂದೆ. ನನ್ನ ಮೊದಲನೇ ಕೂಸು ಬಾಣಂತನದಾಗೇ ಹೋತು. ನಿಮ್ಮ ಚಿಕ್ಕವ್ವನ ಬಾಯಿ ತಗುಲ್ತು ಅಂತ ನಮ್ಮತ್ತೆ ಸಾಯೋ ತನಕ ಅಂದ್ಲು. ಅವಳು ಅಂದಿದ್ದು ಒಂದು ಕಡೆ ಇರ್ಲಿ, ನಾನೂ ನಂಬಿದ್ದೆ!”

ಈ ಶಾಪದ ಮಾತನ್ನು ಸರ್ವಮಂಗಳಮ್ಮ ನನಗೆ ಹೇಳಿರಲಿಲ್ಲ. ಅವರು ಅದನ್ನು ಅಲ್ಲಗಳೆಯಲೂ ಇಲ್ಲ.

“ಅಂದೆ. ಅಂದಿದ್ದು ಖರೆ. ಅದಕ್ಕೆ ಮೊದ್ಲು ಇನ್ನೊಂದು ಮಾತು ಅಂದಿದ್ದೆ, ನೆನಪೈತಾ? ‘ಬದುಕ್ಯಾನೆ’ ಅಂದಿದ್ದೆ. ಒಂದು ಸಲ ಅಲ್ಲ, ಗಂಟಲು ಹರಿಯೋ ಹಂಗೆ ಅಂದಿದ್ದೆ. ಆ ಮಾತು ನಿಮ್ಮ ಮನೆಯಾಗೆ ಒಬ್ರಿಗೂ ತಗುಲಲಿಲ್ಲ. ಶಾಪ ಮಾತ್ರ ತಗುಲ್ತಾ? ನನ್ನ ಬಾಯಿಗೆ ಅಷ್ಟು ಶಕ್ತಿ ಇದ್ದಿದ್ರೆ ನಿಮ್ಮಪ್ಪನ ಕೈಯಾಗಿನ ಗುದ್ದಲಿ ಮುರೀಬೇಕಿತ್ತಲ್ಲೇ!”

ಪುಷ್ಪಾವತಿ ಜಗಲಿಯ ತುದಿಗೆ ಕೂತರು.

“ನಿನ್ನ ಕೂಸು ಹೋತು ಅಂತ ನಂಗೆ ಗೊತ್ತಾಗಿದ್ದು ಯಾವಾಗ ಗೊತ್ತಾ?” ಸರ್ವಮಂಗಳಮ್ಮ ಮುಂದುವರಿಸಿದರು. “ನೀನು ಎರಡನೇದು ಹೆತ್ತ ಮ್ಯಾಲೆ. ಒಂದೇ ಚಾಪೆ ಮ್ಯಾಲೆ ಮಲಗಿದೋರು ನಾವು. ನಿನ್ನ ಚಿಕ್ಕಪ್ಪ ಬಂದ ಮ್ಯಾಲರ ಒಂದು ಮಾತು ಹೇಳಿ ಕಳಿಸ್ಬೇಕಿತ್ತು ನೀನು. ನಿನ್ನ ಉಡಿ ತುಂಬಾಕೆ ನನ್ನ ಕರೀಬೇಕಿತ್ತು.”

“ಕರೆಯಾಕೆ ಬಿಟ್ರಾ ಚಿಕ್ಕವ್ವ?”

“ಕೇಳಿದ್ಯಾ?”

ಅಡಿಕೆಯ ಮೇಲೆ ಕೂತ ಕಾಗೆಯನ್ನು ಓಡಿಸಲು ಪುಷ್ಪಾವತಿ ಕಲ್ಲು ತೆಗೆದುಕೊಂಡರು. ಎಸೆಯದೆ ಕೈಯಲ್ಲೇ ಹಿಡಿದುಕೊಂಡು, “ನನ್ನನ್ನ ಕೇಳಿ ಮಾಡಿದ್ರಾ ಅದನ್ನ?” ಎಂದರು. ದನಿ ಏರಿತ್ತು. “ಹದಿನೇಳು ವರ್ಷ ನಂಗೆ. ಚಿಕ್ಕಪ್ಪನ ಸುದ್ದಿ ಬರೋ ತನಕ ಮದುವೆ ನಿಲ್ಸಿದ್ರೆ ನಾನೇನು ಸಾಯ್ತಿದ್ನಾ? ನನ್ನ ಹೆಸರಿನಾಗೆ ಗುಂಡಿ ತೋಡಿ, ನಿನಗೆ ಬೈಯಾಕೆ ನನ್ನ ಹೆಸರು ಕೊಟ್ಟು ಕಳಿಸಿದ್ರು. ನೀನು ಅವ್ರಿಗೆ ಬೈಯೋದು ಬಿಟ್ಟು ನನ್ನ ಮದುವೆಗೆ ಬೈದೆ. ಅದೂ ತಪ್ಪೇ!”

“ತಪ್ಪೇ” ಎಂದರು ಸರ್ವಮಂಗಳಮ್ಮ. ಕ್ಷಮೆ ಕೇಳುವ ದನಿ ಅಲ್ಲ ಅದು. “ಈಗ ಅದರ ಮ್ಯಾಲೆ ಕಲ್ಲು ಕಟ್ತಾನಂತೆ ನಿನ್ನ ತಮ್ಮ. ದೀಪ ಹಚ್ತಾರಂತೆ. ನೀನು ಒಪ್ಪಿದ್ರೆ ಕಟ್ತಾನೆ, ಇಲ್ಲಾಂದ್ರೆ ಇಲ್ಲ. ಕೇಳಾಕೆ ಬಂದೆ.”

“ಬೇಡಿಕೊಳ್ಳಾಕೆ ಬಂದಿಲ್ಲಾ?”

“ಇಲ್ಲ.”

ಊಟಕ್ಕೆ ಎಬ್ಬಿಸಿದರೂ ಸರ್ವಮಂಗಳಮ್ಮ ಏಳಲಿಲ್ಲ. ಪುಷ್ಪಾವತಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಸಂಜೆಯ ಬಸ್ಸಿಗೆ ಮರಳಿದೆವು.

ಆಮೇಲಿನದನ್ನು ಪರಮೇಶ್ ಅವರೇ ನನಗೆ ಹೇಳಿದರು, ಸಂತೋಷದಿಂದಲ್ಲ. ಅಕ್ಕ ಫೋನು ಮಾಡಿ, ಹೊಲ ಭಾಗ ಆಗಲಿ, ನನ್ನ ಅರ್ಧ ಪೂರ್ವದ ಮೂಲೆಯಿಂದ ಶುರು ಎಂದಳಂತೆ. ಅಣ್ಣತಮ್ಮಂದಿರ ಎದುರು ಹೆಣ್ಣುಮಕ್ಕಳು ಪಾಲು ಕೇಳುವುದನ್ನು ಬಾವಿಕಟ್ಟೆ ಇನ್ನೂ ಅವಮಾನವೆಂದೇ ತಿಳಿಯುತ್ತದೆ. “ಅಪ್ಪ ಬದುಕಿದ್ದಾಗ ಒಂದು ಸೀರೆ ಕೇಳಿದೋಳಲ್ಲ ಇವಳು. ಈಗ ಮೂಲೆ ಬೇಕಂತೆ!” ಎಂದು ಅವರು ಕಿಡಿಕಾರಿದರು. ಅಪ್ಪನ ಮರ್ಯಾದೆಯನ್ನು ಮಣ್ಣುಪಾಲು ಮಾಡುತ್ತಿದ್ದೀಯ ಎಂದದ್ದಕ್ಕೆ ಅಕ್ಕ ಕೊಟ್ಟ ಉತ್ತರವನ್ನೂ ಮುಚ್ಚಿಡದೆ ಹೇಳಿದರು: “ಅಪ್ಪ ಚಿಕ್ಕಪ್ಪನ್ನ ಮಣ್ಣಿಗೆ ಹಾಕಿದ್ದು ನನ್ನ ಮದುವೆ ಸಲುವಾಗಿ. ಆ ಗುಂಡಿಗೆ ಜನ ಕೈ ಮುಗಿದ್ರೆ ನನ್ನ ಮದುವೆಗೆ ಉಗಿದ ಹಂಗೆ ಆಗ್ತೈತೆ. ನಾನು ಒಪ್ಪಲ್ಲ.”

ಸಮಿತಿ ಗೊಣಗುತ್ತಾ ಜಾಗ ಬದಲಿಸಿತು. ಶಾಲೆಯ ಮುಂದೆ ಒಂದು ಸಾಧಾರಣ ಕಲ್ಲು ನಿಂ‍ತಿದೆ. ಮಹೇಶ್ವರಪ್ಪನವರ ಹೆಸರು, ಲಾರಿ ಚಾಲಕರೆಂಬ ಉಲ್ಲೇಖ, ಸೇವೆಯ ವರ್ಷಗಳು, 1971ರಲ್ಲಿ ಗಾಯಗೊಂಡರೆಂಬ ಒಂದು ಸಾಲು. ತಪಸ್ಸಿನ ಸುದ್ದಿ ಇಲ್ಲ. ಅದನ್ನು ನಿಲ್ಲಿಸಿದ ದಿನ ಸರ್ವಮಂಗಳಮ್ಮ ಹೋಗಿ ಹೂವಿಟ್ಟರು. ಎರಡು ಮಾತು ಆಡಿ ಎಂದು ಮೈಕು ಹಿಡಿದಾಗ, “ಲಾರಿ ಚೆನ್ನಾಗಿ ಹೊಡೀತಿದ್ದ” ಎಂದಷ್ಟೇ ಹೇಳಿ ಇಳಿದರು.

ಗುಂಡಿ ಸಮ ಮಾಡಿದ್ದು ಈ ವರ್ಷ, ಮುಂಗಾರಿಗೆ ಮೊದಲು. ಪುಷ್ಪಾವತಿ ಕೆರೆಬಿಳಚಿಯಿಂದ ಬೆಳಗಿನ ಬಸ್ಸಿಗೇ ಬಂದಿದ್ದರು. ಆಳುಗಳು ಮೊದಲು ಅಡಿಪಾಯದ ಕಲ್ಲು ಕಿತ್ತು, ಕೈಯಿಂದ ಅಗೆದರು. ಸೊಪ್ಪೆ, ಬಟ್ಟೆ ಯಾವುದರ ಗುರುತೂ ಉಳಿದಿರಲಿಲ್ಲ. ಕಪ್ಪಾದ ಕರಡಿಗೆ ಸಿಕ್ಕಿತು. ಅದನ್ನು ಸಂಧ್ಯಾರಾಣಿ ಸೆರಗಿನಲ್ಲಿ ಕಟ್ಟಿಕೊಂಡರು. ಅಪ್ಪನ ನಿಜವಾದ ಗೋರಿಯಲ್ಲಿ ಇಡುವುದೆಂದು ಮನೆಯಲ್ಲಿ ಮೊದಲೇ ಮಾತಾಗಿತ್ತು. ಆಮೇಲೆ ಟ್ರ್ಯಾಕ್ಟರು ಒಳಗೆ ಬಂತು. ಬದುವಿನಾಚೆ ನಿಂತು ನೋಡುತ್ತಿದ್ದ ಕೆಲವರಲ್ಲಿ ಒಬ್ಬ ಮುದುಕ, “ಗದ್ದುಗೆ ಮ್ಯಾಲೆ ಗಾಲಿ ಹತ್ತಿಸ್ತಾರಲ್ಲಪ್ಪಾ!” ಎಂದ.

ಸರ್ವಮಂಗಳಮ್ಮ ಅವನ ಕಡೆ ತಿರುಗಿದರು. “ಯಾರ ಗದ್ದುಗೆನೋ? ಹೆಸರು ಹೇಳು.”

ಅವನು ಬದು ಬಿಟ್ಟು ಹಿಂದೆ ಸರಿದ.

ಟ್ರ್ಯಾಕ್ಟರು ಆ ಮೂಲೆಯನ್ನು ಉತ್ತು ನಿಂತಿತು. ಚಾಲಕ ಇಳಿಯಲು ಹೋದ. “ಇನ್ನೊಂದು ಸಾಲು ಹೊಡಿಯಪ್ಪ, ಆಳಕ್ಕೆ” ಎಂದರು ಇವರು. ಅವನು ಹೊಡೆದ. ಮತ್ತೊಮ್ಮೆ ಹೊಡೆಯಲು ಹೇಳಿದರು.

“ಸಾಕು ಬಿಡು ಚಿಕ್ಕವ್ವ. ಸಮ ಆಗೈತೆ” ಎಂದರು ಪುಷ್ಪಾವತಿ.

“ಅಡ್ಡಕ್ಕೆ ಹೊಡೆದಿಲ್ಲ ಅವನು.”

“ಇನ್ನೂ ಸಿಟ್ಟು ಹೋಗಿಲ್ಲೇನು ನಿಂಗೆ?”

“ಯಾಕೆ ಹೋಗ್ಬೇಕು?” ಎಂದರು ಸರ್ವಮಂಗಳಮ್ಮ, ಹೊಲದ ಮೇಲಿನ ಕಣ್ಣು ತೆಗೆಯದೆ. “ಗುಂಡಿ ಮುಚ್ಚು ಅಂದೆ, ಮುಚ್ಚಿದ್ರಿ. ಸಿಟ್ಟು ಬಿಡ್ತೀನಿ ಅಂತ ಯಾವತ್ತು ಅಂದಿದ್ದೆ?”

ಪುಷ್ಪಾವತಿ ಬದುವಿನ ಮೇಲೆ ಕೂತರು, ಚಾಲಕನಿಗೆ ಅಡ್ಡಕ್ಕೆ ಹೊಡೆಯುವಂತೆ ಕೈಸನ್ನೆ ಮಾಡಿದರು.